ಹಾರದೆ ಹಾಳಾಗುವ ವಿಮಾನ

1958ರ ಡಿಸೆಂಬರ್ 4ರಂದು ಅಮೆರಿಕದ ಲಾಸ್ ವೇಗಸ್‌ನಿಂದ ಸೆಸ್ನಾ 172 ಮಾದರಿಯ ಪುಟ್ಟ ವಿಮಾನವೊಂದು ಮೇಲೇರಿತು. ಒಳಗಿದ್ದವರು ರಾಬರ್ಟ್ ಟಿಮ್ ಮತ್ತು ಜಾನ್ ಕುಕ್. ಅವರು ಮತ್ತೆ ನೆಲ ಮುಟ್ಟಿದ್ದು 1959ರ ಫೆಬ್ರುವರಿ 7ರಂದು. ನಡುವಿನ 64 ದಿನ, 22 ಗಂಟೆ, 19 ನಿಮಿಷ ಆ ವಿಮಾನ ಹಾರುತ್ತಲೇ ಇತ್ತು. ದಿನಕ್ಕೆರಡು ಸಲ ಮರುಭೂಮಿಯ ನೇರ ರಸ್ತೆಯೊಂದರ ಮೇಲೆ ತೀರಾ ತಗ್ಗಿನಲ್ಲಿ ಹಾರುತ್ತ, ಕೆಳಗೆ ಅದೇ ವೇಗದಲ್ಲಿ ಓಡುವ ಲಾರಿಯಿಂದ ಕೊಳವೆ ಎಳೆದುಕೊಂಡು ಇಂಧನ ತುಂಬಿಸಿಕೊಳ್ಳುತ್ತಿದ್ದರು. ಊಟವೂ ಹಾಗೆಯೇ ಹಗ್ಗ ಹಿಡಿದು ಮೇಲೇರುತ್ತಿತ್ತು. ಹೋಟೆಲೊಂದರ ಪ್ರಚಾರಕ್ಕಾಗಿ ನಡೆದ ಸಾಹಸ ಅದು. ವಿಮಾನವನ್ನು ಆಮೇಲೆ ಲಾಸ್ ವೇಗಸ್ ವಿಮಾನ ನಿಲ್ದಾಣದೊಳಗೆ ಪ್ರಯಾಣಿಕರಿಗೆ ಕಾಣುವಂತೆ ತೂಗುಹಾಕಿದರು.

ಆ ಇಬ್ಬರ ತಾಳ್ಮೆ ದೊಡ್ಡದೇ. ಆದರೆ ನನ್ನ ಗಮನ ಹೋಗುವುದು ಅವರ ಎಂಜಿನ್ ಕಡೆಗೆ. ದಿನಗಳನ್ನು ಗಂಟೆಗೆ ತಿರುಗಿಸಿದರೆ ಅದು ಒಂದು ಕ್ಷಣವೂ ನಿಲ್ಲದೆ 1,550 ಗಂಟೆಗೂ ಹೆಚ್ಚು ಓಡಿದೆ. ಕೊನೆಕೊನೆಗೆ ಸಿಲಿಂಡರ್‌ಗಳೊಳಗೆ ಮಸಿ ಕಟ್ಟಿ ಶಕ್ತಿ ಕುಗ್ಗಿತ್ತು, ಟ್ಯಾಂಕ್ ತುಂಬಿದಾಗ ಮೇಲೇರಲು ಹೆಣಗುತ್ತಿತ್ತು. ಆದರೂ ಕೈಕೊಡಲಿಲ್ಲ. ಇನ್ನೊಂದು ಕಡೆ, ಇಂಥದೇ ವಿಮಾನವೊಂದನ್ನು ಯಾರೋ ಪ್ರೀತಿಯಿಂದ ಕೊಂಡು, ಹ್ಯಾಂಗರ್‌ನಲ್ಲಿ ಮುಚ್ಚಿಟ್ಟು, ವರ್ಷಕ್ಕೆ ಹತ್ತಿಪ್ಪತ್ತು ಗಂಟೆ ಮಾತ್ರ ಹಾರಿಸುತ್ತಾರೆ. ಅದರ ಎಂಜಿನ್ ಮುನ್ನೂರು ಗಂಟೆ ತುಂಬುವ ಮೊದಲೇ ಬಿಚ್ಚಿ ಕಟ್ಟುವ ಸ್ಥಿತಿಗೆ ಬರುವುದುಂಟು. ಹೆಚ್ಚು ದುಡಿದದ್ದು ಉಳಿಯಿತು, ಜೋಪಾನವಾಗಿಟ್ಟದ್ದು ಕೆಟ್ಟಿತು. ಸಣ್ಣ ವಿಮಾನ ಸಾಕುವವರು ಮೊದಲು ತಿಳಿಯಬೇಕಾದ ವಿಷಯ ಇದೇ: ಈ ಯಂತ್ರಕ್ಕೆ ವಿಶ್ರಾಂತಿ ಒಗ್ಗುವುದಿಲ್ಲ. ಸೇದದ ಬಾವಿಯ ನೀರು ಕೆಡುವ ಹಾಗೆ ಇದು ನಿಂತಲ್ಲೇ ಕೆಡುತ್ತದೆ.

ಸೆಸ್ನಾ 172 ಮೊದಲು ಹಾರಿದ್ದು 1955ರಲ್ಲಿ. ನಾಲ್ಕು ಸೀಟು, ತಲೆಯ ಮೇಲೆ ರೆಕ್ಕೆ, ಮೂಗಿನಲ್ಲೊಂದು ಪಿಸ್ಟನ್ ಎಂಜಿನ್. ಇಲ್ಲಿಯವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ಜಗತ್ತಿನಲ್ಲಿ ಬೇರಾವ ಮಾದರಿಯ ವಿಮಾನವೂ ಇಷ್ಟು ಸಂಖ್ಯೆಯಲ್ಲಿ ಹುಟ್ಟಿಲ್ಲ. ನಮ್ಮ ದೇಶದ ಎಷ್ಟೋ ಪೈಲಟ್‌ಗಳು ಮೊದಲ ಪಾಠ ಕಲಿತದ್ದೂ ಇದರಲ್ಲೇ. ಆದರೆ 1986ರಲ್ಲಿ ಕಂಪನಿ ಇದರ ತಯಾರಿಕೆಯನ್ನೇ ನಿಲ್ಲಿಸಿತು. ಎಷ್ಟೋ ವರ್ಷ ಹಳೆಯ ವಿಮಾನ ಅಪಘಾತಕ್ಕೀಡಾದರೂ ತಯಾರಕರ ಮೇಲೆ ದಾವೆ ಬೀಳುತ್ತಿದ್ದ ಕಾಲ ಅದು. ತಯಾರಕರ ಹೊಣೆಗೆ 18 ವರ್ಷಗಳ ಮಿತಿ ಹಾಕುವ ಕಾನೂನನ್ನು 1994ರಲ್ಲಿ ಅಮೆರಿಕ ತಂದ ಮೇಲೆ, 1996ರಲ್ಲಿ ಮತ್ತೆ ಕಾರ್ಖಾನೆ ತೆರೆಯಿತು. ನಡುವಿನ ಹತ್ತು ವರ್ಷದ ಆ ಬಿಡುವಿನಿಂದಾಗಿ ಇಂದು ಖಾಸಗಿಯವರ ಕೈಯಲ್ಲಿರುವ ವಿಮಾನಗಳ ದೊಡ್ಡ ಪಾಲು 1960–70ರ ದಶಕದವು. ಐವತ್ತು ವರ್ಷದ ಕಾರನ್ನು ನಾವು ಪ್ರದರ್ಶನಕ್ಕಿಡುತ್ತೇವೆ. ಐವತ್ತು ವರ್ಷದ 172 ನಾಳೆ ಬೆಳಿಗ್ಗೆ ಹಾರಬೇಕು.

ಅದು ಹಾರಬಲ್ಲದು ಎಂಬುದಕ್ಕೆ ಕಾರಣ ಎಂಜಿನ್ನಿನ ಸ್ವಭಾವದಲ್ಲಿದೆ. 1968ರಿಂದ 172ಕ್ಕೆ ಬಂದದ್ದು ಲೈಕಮಿಂಗ್ ಕಂಪನಿಯ ಓ-320. ಎರಡು ಎಡಕ್ಕೆ, ಎರಡು ಬಲಕ್ಕೆ ಮಲಗಿಸಿದ ನಾಲ್ಕು ಸಿಲಿಂಡರ್, ಒಟ್ಟು 5.2 ಲೀಟರ್ ಗಾತ್ರ. ನಮ್ಮ ರಸ್ತೆಯ ಸಣ್ಣ ಕಾರು 1.2 ಲೀಟರ್‌ನಲ್ಲಿ ಎಂಬತ್ತರ ಆಸುಪಾಸಿನ ಅಶ್ವಶಕ್ತಿ ಕೊಡುವಾಗ, ಇಷ್ಟು ದೊಡ್ಡ ಎಂಜಿನ್ ಕೊಡುವುದು 150 ಮಾತ್ರ. ಸೋಮಾರಿ ಅನ್ನಿಸಬಹುದು. ಆದರೆ ಇಲ್ಲಿ ಗೇರ್ ಇಲ್ಲ, ಪ್ರೊಪೆಲ್ಲರನ್ನು ನೇರವಾಗಿ ಕ್ರ್ಯಾಂಕ್‌ಶಾಫ್ಟಿಗೇ ಬಿಗಿದಿದ್ದಾರೆ. ಸುಮಾರು 1.9 ಮೀಟರ್ ಅಗಲದ ಆ ಪ್ರೊಪೆಲ್ಲರ್ ನಿಮಿಷಕ್ಕೆ 2,700 ಸುತ್ತು ತಿರುಗಿದರೆ ಅದರ ತುದಿ ಸೆಕೆಂಡಿಗೆ 270 ಮೀಟರಿನಷ್ಟು ವೇಗದಲ್ಲಿ ಗಾಳಿ ಸೀಳುತ್ತದೆ. ಇನ್ನೂ ಜೋರಾಗಿ ತಿರುಗಿಸಿದರೆ ತುದಿ ಶಬ್ದದ ವೇಗದ ಹತ್ತಿರಕ್ಕೆ ಹೋಗಿ, ಎಳೆಯುವ ಶಕ್ತಿ ಕುಗ್ಗಿ ಗದ್ದಲ ಹೆಚ್ಚುತ್ತದೆ. ಹಾಗಾಗಿ ಎಂಜಿನ್ ನಿಧಾನವಾಗಿ ತಿರುಗಲೇಬೇಕು. ನಿಧಾನವಾಗಿ ತಿರುಗಿಯೂ ಶಕ್ತಿ ಬರಬೇಕಾದರೆ ಗಾತ್ರ ದೊಡ್ಡದಿರಬೇಕು. ರೇಡಿಯೇಟರ್ ಇಲ್ಲ, ನೀರಿಲ್ಲ. ಸಿಲಿಂಡರಿನ ಮೈತುಂಬ ಇರುವ ತೆಳುವಾದ ಲೋಹದ ರೆಕ್ಕೆಗಳ ನಡುವೆ ಗಾಳಿ ಹರಿದು ಶಾಖವನ್ನು ಒಯ್ಯುತ್ತದೆ. ಕೆಡಬಹುದಾದ ಭಾಗಗಳನ್ನೇ ಕಡಿಮೆ ಮಾಡಿದ ಎಂಜಿನ್ ಇದು.

ಕಿಡಿ ಹೊತ್ತಿಸುವ ವ್ಯವಸ್ಥೆಯನ್ನೇ ನೋಡಿ. ಪ್ರತಿ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್, ಅವುಗಳಿಗೆ ಎರಡು ಪ್ರತ್ಯೇಕ ಮ್ಯಾಗ್ನೆಟೊ. ಮ್ಯಾಗ್ನೆಟೊ ಎಂದರೆ ಎಂಜಿನ್ ತಿರುಗುವ ಬಲದಿಂದಲೇ ವಿದ್ಯುತ್ ಹುಟ್ಟಿಸಿಕೊಳ್ಳುವ ಪೆಟ್ಟಿಗೆ. ಬ್ಯಾಟರಿ ಸತ್ತರೂ, ದೀಪ ರೇಡಿಯೊ ಎಲ್ಲ ಆರಿದರೂ ಎಂಜಿನ್ ನಡೆಯುತ್ತದೆ. ಟಿಮ್ ಮತ್ತು ಕುಕ್ ಹಾರಾಟದ ನಡುವೆ ಅವರ ಜನರೇಟರ್ ಕೆಟ್ಟಿತ್ತು. ಚಳಿ, ಕತ್ತಲು ಎರಡನ್ನೂ ಸಹಿಸಿ ಅವರು ಮುಂದುವರಿದದ್ದು ಈ ಏರ್ಪಾಟಿನ ಬಲದಿಂದ.

ರನ್‌ವೇಗೆ ಹೋಗುವ ಮೊದಲು ಪೈಲಟ್ ಎಂಜಿನ್ ವೇಗವನ್ನು ನಿಮಿಷಕ್ಕೆ 1,700 ಸುತ್ತಿಗೆ ತಂದು ಒಂದೊಂದೇ ಮ್ಯಾಗ್ನೆಟೊ ಆರಿಸಿ ನೋಡುತ್ತಾನೆ. ಒಂದೇ ಪ್ಲಗ್ ಕಿಡಿ ಕೊಡುವಾಗ ಉರಿ ನಿಧಾನವಾಗಿ ಹಬ್ಬುವುದರಿಂದ ವೇಗ ಸ್ವಲ್ಪ ಇಳಿಯಬೇಕು. 1970ರ ದಶಕದ 172ರ ಕೈಪಿಡಿಯ ಪ್ರಕಾರ ಆ ಇಳಿತ 125 ಸುತ್ತು ಮೀರಬಾರದು, ಎರಡು ಮ್ಯಾಗ್ನೆಟೊಗಳ ನಡುವಿನ ವ್ಯತ್ಯಾಸ 50 ಮೀರಬಾರದು. ಹೆಚ್ಚು ಇಳಿದರೆ ತೊಂದರೆಯಿದೆ ಎಂದು ಯಾರಿಗೂ ಹೊಳೆಯುತ್ತದೆ. ಸ್ವಲ್ಪವೂ ಇಳಿಯದಿದ್ದರೆ? ಅದು ಇನ್ನೂ ಕೆಟ್ಟ ಸುದ್ದಿ. ಮ್ಯಾಗ್ನೆಟೊವನ್ನು ಆರಿಸುವ ತಂತಿ ಕಡಿದಿರಬಹುದು, ಅಂದರೆ ಅದು ಆರಿಯೇ ಇಲ್ಲ. ಕೀಲಿ ತೆಗೆದು ಮನೆಗೆ ಹೋದ ಮೇಲೂ ಅಂಥ ಎಂಜಿನ್ ಜೀವಂತ. ಹ್ಯಾಂಗರ್‌ನಲ್ಲಿ ಯಾರೋ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿದರೆ ಕಿಡಿ ಹಾರಿ ಅದು ಬೀಸಬಹುದು, ಕೈ ಹೋಗಬಹುದು, ತಲೆಯೂ ಹೋಗಬಹುದು. ನಿಂತ ವಿಮಾನದ ಪ್ರೊಪೆಲ್ಲರನ್ನು ಮುಟ್ಟಬೇಡಿ ಎಂದು ಹಳಬರು ಹುಡುಗರನ್ನು ಗದರಿಸುವುದು ಈ ಕಾರಣಕ್ಕೆ.

ಇನ್ನು ತುಕ್ಕಿನ ಕಥೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಅದರ ಬಹುಪಾಲು ಆವಿಯಾಗಿ ಸೈಲೆನ್ಸರ್‌ನಿಂದ ಹೊರಹೋದರೂ, ಸ್ವಲ್ಪ ಭಾಗ ಪಿಸ್ಟನ್ ರಿಂಗ್‌ಗಳ ಸಂದಿಯಿಂದ ನುಸುಳಿ ಎಂಜಿನ್ನಿನ ಹೊಟ್ಟೆ ಸೇರಿ ಆಯಿಲ್ ಜೊತೆ ಬೆರೆಯುತ್ತದೆ. ಜೊತೆಗೆ ಇಂಧನದ ಉರಿಯಿಂದ ಬರುವ ಆಮ್ಲಗಳೂ ಸೇರುತ್ತವೆ. ಚೆನ್ನಾಗಿ ಹಾರಿದಾಗ ಆಯಿಲ್ 75ರಿಂದ 90 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾಗಿ, ಒಂದು ಗಂಟೆ ಹಾಗೇ ಉಳಿದರೆ ಆ ತೇವ ಆವಿಯಾಗಿ ಹೋಗುತ್ತದೆ. ಹಾರದೆ ನಿಂತರೆ ತೇವ ಅಲ್ಲೇ ಉಳಿಯುತ್ತದೆ. ಉಕ್ಕಿನ ಭಾಗಗಳ ಮೇಲಿದ್ದ ಆಯಿಲ್ ಪೊರೆ ದಿನಗಳೆದಂತೆ ಕೆಳಗಿಳಿಯುತ್ತದೆ.

ಲೈಕಮಿಂಗ್ ಎಂಜಿನ್ನಿಗೆ ಇಲ್ಲೊಂದು ಹುಟ್ಟುದೌರ್ಬಲ್ಯವಿದೆ. ಕವಾಟಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ಅದರಲ್ಲಿ ಕ್ರ್ಯಾಂಕ್‌ಶಾಫ್ಟಿನ ಮೇಲ್ಗಡೆ ಕುಳಿತಿದೆ. ಎಂಜಿನ್ ನಿಂತ ಮೇಲೆ ಮೊದಲು ಒಣಗುವುದು ಅದೇ, ಮತ್ತೆ ಶುರುವಾದಾಗ ಕೊನೆಗೆ ಆಯಿಲ್ ತಲುಪುವುದೂ ಅದಕ್ಕೇ. ಕನ್ನಡಿಯಂತೆ ನುಣುಪಾಗಿರಬೇಕಾದ ಅದರ ಉಬ್ಬುಗಳ ಮೇಲೆ ತುಕ್ಕಿನ ಸಣ್ಣ ಚುಕ್ಕೆಗಳೇಳುತ್ತವೆ. ಮುಂದಿನ ಸಲ ಹಾರಿಸಿದಾಗ ಕ್ಯಾಮ್ ಮತ್ತು ಅದಕ್ಕೆ ತಾಗುವ ಟ್ಯಾಪೆಟ್ ಒಂದನ್ನೊಂದು ಉಜ್ಜಿ, ಚುಕ್ಕೆ ಗುಂಡಿಯಾಗಿ, ಗುಂಡಿಯ ಅಂಚಿನ ಲೋಹ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಆ ಲೋಹದ ಪುಡಿ ಆಯಿಲ್ ಜೊತೆ ಇಡೀ ಎಂಜಿನ್ ಸುತ್ತುತ್ತದೆ. ಕ್ಯಾಮ್‌ಶಾಫ್ಟ್ ಬದಲಿಸಬೇಕಾದರೆ ಎಂಜಿನ್ನಿನ ಒಡಲನ್ನೇ ಎರಡು ಹೋಳು ಮಾಡಬೇಕು. 1977ರಲ್ಲಿ 172ಕ್ಕೆ ಅಳವಡಿಸಿದ ಓ-320-ಎಚ್2ಎಡಿ ಎಂಬ ರೂಪದಲ್ಲಿ ಕ್ಯಾಮ್ ಮತ್ತು ಟ್ಯಾಪೆಟ್‌ಗಳ ತೊಂದರೆ ಎಷ್ಟು ಕಾಡಿತೆಂದರೆ, ಆಯಿಲ್‌ಗೆ ವಿಶೇಷ ದ್ರಾವಣ ಬೆರೆಸುವುದು ಕಡ್ಡಾಯವಾಯಿತು. ಕೆಲವೇ ವರ್ಷಗಳಲ್ಲಿ ಸೆಸ್ನಾ ಆ ರೂಪವನ್ನೇ ಬಿಟ್ಟು ಬೇರೆಯದಕ್ಕೆ ಹೋಯಿತು.

ಹಾರಿಸಲು ಬಿಡುವಿಲ್ಲದ ಮಾಲೀಕರು ಭಾನುವಾರ ಬಂದು ನಿಂತಲ್ಲೇ ಹತ್ತು ನಿಮಿಷ ಎಂಜಿನ್ ಓಡಿಸಿ ಹೋಗುವುದುಂಟು. ಸದುದ್ದೇಶವೇ, ಆದರೆ ಫಲ ತಲೆಕೆಳಗು. ಹತ್ತು ನಿಮಿಷದಲ್ಲಿ ಹೊಸ ನೀರು, ಹೊಸ ಆಮ್ಲ ಹುಟ್ಟುತ್ತವೆ. ಅವನ್ನು ಓಡಿಸುವಷ್ಟು ಬಿಸಿ ಆಯಿಲ್‌ಗೆ ಬರುವುದಿಲ್ಲ. ಹೀಗೆ ಓಡಿಸುವುದಕ್ಕಿಂತ ಮುಟ್ಟದೆ ಬಿಡುವುದೇ ವಾಸಿ. ತಿಂಗಳುಗಟ್ಟಲೆ ಹಾರಿಸಲಾರೆವು ಎಂದು ಗೊತ್ತಿದ್ದರೆ ತುಕ್ಕು ತಡೆಯುವ ವಿಶೇಷ ಆಯಿಲ್ ತುಂಬಿ, ಪ್ಲಗ್‌ಗಳ ಜಾಗದಲ್ಲಿ ತೇವ ಹೀರುವ ಬಿರಡೆ ಹಾಕಿ, ಬಾಯಿಗಳನ್ನೆಲ್ಲ ಮುಚ್ಚಿಡುವ ಕ್ರಮವನ್ನು ಲೈಕಮಿಂಗ್ ಕಂಪನಿಯೇ ಹೇಳಿಕೊಟ್ಟಿದೆ. ಅದೇ ಕಂಪನಿ 50 ಗಂಟೆ ಹಾರಾಟಕ್ಕೊಮ್ಮೆ ಅಥವಾ ನಾಲ್ಕು ತಿಂಗಳಿಗೊಮ್ಮೆ, ಯಾವುದು ಮೊದಲೋ ಆಗ ಆಯಿಲ್ ಬದಲಿಸಿ ಅನ್ನುತ್ತದೆ. ನಾಲ್ಕು ತಿಂಗಳ ಆ ಷರತ್ತನ್ನು ಜನ ಮರೆಯುತ್ತಾರೆ. ಹಾರಿಲ್ಲವಲ್ಲ, ಆಯಿಲ್ ಇನ್ನೂ ಹೊಸದು ಅಂದುಕೊಳ್ಳುತ್ತಾರೆ. ಹಾರದ ಎಂಜಿನ್ನಿನ ಆಯಿಲ್ಲೇ ಹೆಚ್ಚು ಹುಳಿಯಾಗಿರುತ್ತದೆ.

ನಿಂತ ವಿಮಾನಕ್ಕೆ ಹೊರಗಿನ ಅತಿಥಿಗಳೂ ಬರುತ್ತಾರೆ. ಎಂಜಿನ್ ಮುಸುಕಿನೊಳಗಿನ ಬೆಚ್ಚಗಿನ ಜಾಗದಲ್ಲಿ ಹಕ್ಕಿ ಗೂಡು ಕಟ್ಟಲು ಒಂದು ಬೆಳಗು ಸಾಕು. ಒಣಹುಲ್ಲು ಸಿಲಿಂಡರಿನ ಗಾಳಿ ತಡೆಯುತ್ತದೆ, ಬಿಸಿಗೆ ಹೊತ್ತಿಕೊಳ್ಳಲೂಬಹುದು. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ವೇಗ ಅಳೆಯುವ ಪಿಟೊ ಕೊಳವೆಯ ಸಣ್ಣ ತೂತು, ಟ್ಯಾಂಕಿಗೆ ಗಾಳಿ ಹೋಗುವ ನಳಿಕೆ ಎರಡೂ ಇಷ್ಟ. ಟ್ಯಾಂಕಿನ ಗಾಳಿ ನಳಿಕೆ ಕಟ್ಟಿದರೆ ಒಳಗೆ ಇಂಧನವಿದ್ದರೂ ಎಂಜಿನ್ನಿಗೆ ಇಳಿಯುವುದಿಲ್ಲ. ದೊಡ್ಡ ವಿಮಾನಗಳನ್ನೂ ಈ ಹುಳ ಬಿಟ್ಟಿಲ್ಲ: 2013ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಎರಡು ಗಂಟೆಯಷ್ಟೇ ನಿಂತಿದ್ದ ಪ್ರಯಾಣಿಕರ ಜೆಟ್ ವಿಮಾನದ ಪಿಟೊ ಕೊಳವೆಯಲ್ಲಿ ಕಣಜ ಮಣ್ಣು ತುಂಬಿ, ಹೊರಟ ವಿಮಾನ ವೇಗದ ಅಳತೆ ತಪ್ಪಿ ಹಿಂದಿರುಗಬೇಕಾಯಿತು. ಹಾರುವ ಮೊದಲು ಪೈಲಟ್ ವಿಮಾನಕ್ಕೊಂದು ಸುತ್ತು ಬಂದು, ರೆಕ್ಕೆಯಡಿಯ ಕವಾಟದಿಂದ ಗಾಜಿನ ಲೋಟಕ್ಕೆ ಇಂಧನ ಬಿಟ್ಟು ತಳದಲ್ಲಿ ನೀರು ನಿಂತಿದೆಯೇ ಎಂದು ಹಿಡಿದು ನೋಡುವುದು, ಏಣಿ ಹತ್ತಿ ಟ್ಯಾಂಕಿಗೆ ಕಡ್ಡಿ ಇಳಿಸಿ ಅಳೆಯುವುದು, ಇವೆಲ್ಲ ಶಾಸ್ತ್ರಕ್ಕೆ ಮಾಡುವ ಕೆಲಸಗಳಲ್ಲ. ಹಳೆಯ ವಿಮಾನದ ಇಂಧನದ ಮುಳ್ಳನ್ನು ನಂಬಿ ಹಾರುವವರು ತಮ್ಮ ಜೀವವನ್ನು ಆ ಮುಳ್ಳಿಗೆ ಒಪ್ಪಿಸಿದಂತೆ.

ಇಷ್ಟೆಲ್ಲ ಓದಿದ ಮೇಲೆ, ಹಾಗಾದರೆ ಆಗಾಗ ಎಲ್ಲವನ್ನೂ ಬಿಚ್ಚಿ, ತೊಳೆದು, ಕಟ್ಟುವುದೇ ಒಳ್ಳೆಯದು ಅನ್ನಿಸಬಹುದು. ಅನುಭವ ಹೇಳುವುದು ಬೇರೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಕರಾವಳಿ ವಿಭಾಗದ ವಿಮಾನಗಳು ಜರ್ಮನ್ ಸಬ್‌ಮರೀನ್‌ಗಳನ್ನು ಹುಡುಕುತ್ತ ಅಟ್ಲಾಂಟಿಕ್ ಮೇಲೆ ಹಾರುತ್ತಿದ್ದವು. ಆದರೆ ಯಾವ ಹೊತ್ತಿಗೂ ಅರ್ಧಕ್ಕರ್ಧ ವಿಮಾನಗಳು ರಿಪೇರಿಯಲ್ಲೇ ಇರುತ್ತಿದ್ದವು. ಕಾರಣ ಹುಡುಕಲು ಕುಳಿತ ವಿಜ್ಞಾನಿಗಳಲ್ಲಿ ಸಿ.ಎಚ್. ವಾಡಿಂಗ್ಟನ್ ಒಬ್ಬರು. ವೃತ್ತಿಯಿಂದ ಜೀವವಿಜ್ಞಾನಿ, ಎಪಿಜೆನೆಟಿಕ್ಸ್ ಎಂಬ ಪದ ಕೊಟ್ಟವರು ಇವರೇ. ಅಲ್ಲಿ 50 ಗಂಟೆ ಹಾರಾಟಕ್ಕೊಮ್ಮೆ ಕಡ್ಡಾಯ ತಪಾಸಣೆ ನಡೆಯುತ್ತಿತ್ತು. ಕೆಟ್ಟುಹೋದ ಪ್ರಸಂಗಗಳನ್ನು ಗಂಟೆಗಳ ಎದುರು ಗುರುತು ಹಾಕಿದಾಗ ಕಂಡದ್ದು ಇದು: ತಪಾಸಣೆ ಮುಗಿದು ಹೊರಬಂದ ಕೂಡಲೇ ವಿಮಾನಗಳು ಅತಿ ಹೆಚ್ಚು ಕೆಡುತ್ತಿದ್ದವು, ದಿನ ಕಳೆದಂತೆ ಕೆಡುವುದು ಕಡಿಮೆಯಾಗುತ್ತಿತ್ತು, ಮುಂದಿನ ತಪಾಸಣೆಯ ನಂತರ ಮತ್ತೆ ಏರುತ್ತಿತ್ತು. ತಪಾಸಣೆಯ ಹೆಸರಿನಲ್ಲಿ ನೆಟ್ಟಗಿದ್ದುದನ್ನು ಬಿಚ್ಚಿ ಕಟ್ಟುವಾಗಲೇ ತಪ್ಪುಗಳು ಸೇರಿಕೊಳ್ಳುತ್ತಿದ್ದವು. ತಪಾಸಣೆಗಳ ನಡುವಿನ ಅಂತರ ಹೆಚ್ಚಿಸಿ, ಬೇಡದ ಕೆಲಸ ಕೈಬಿಟ್ಟಾಗ ಹಾರಾಟದ ಗಂಟೆಗಳು ಏರಿದವು. ವಾಡಿಂಗ್ಟನ್ ಇದನ್ನೆಲ್ಲ ಬರೆದಿಟ್ಟ ಪುಸ್ತಕ ಅಚ್ಚಾಗಿದ್ದು 1973ರಲ್ಲಿ.

ಸಣ್ಣ ವಿಮಾನದ ಲೋಕ ಈ ಪಾಠವನ್ನು ಇನ್ನೂ ಪೂರ್ತಿ ಒಪ್ಪಿಕೊಂಡಿಲ್ಲ ಎಂಬುದು ನನ್ನ ಬೇಸರ. ಲೈಕಮಿಂಗ್ ಓ-320 ಎಂಜಿನ್ನಿಗೆ ಕಂಪನಿ ಸೂಚಿಸುವ ಓವರ್‌ಹಾಲ್ ಅವಧಿ 2,000 ಗಂಟೆ ಅಥವಾ 12 ವರ್ಷ. ಅಮೆರಿಕದಲ್ಲಿ ಸ್ವಂತಕ್ಕೆ ಹಾರುವವರಿಗೆ ಅದು ಸಲಹೆ ಮಾತ್ರ, ಕಾನೂನಲ್ಲ. ನಿಯಮಿತವಾಗಿ ಹಾರುವ, ಲಕ್ಷಣಗಳೆಲ್ಲ ಸರಿಯಿರುವ ಎಂಜಿನ್ 2,000 ಗಂಟೆ ತುಂಬಿತೆಂಬ ಒಂದೇ ಕಾರಣಕ್ಕೆ ಬಿಚ್ಚುವುದಕ್ಕಿಂತ, ಅದರ ಮೇಲೆ ಕಣ್ಣಿಟ್ಟು ಹಾರಿಸುತ್ತ ಹೋಗುವುದು ಎಷ್ಟೋ ಸಲ ಹೆಚ್ಚು ಸುರಕ್ಷಿತ. ಹೊಸದಾಗಿ ಕಟ್ಟಿದ ಎಂಜಿನ್ನಿನ ಮೊದಲ ಕೆಲವು ಗಂಟೆಗಳೇ ಅತಿ ಹೆಚ್ಚು ಎಚ್ಚರ ಬೇಡುವವು.

ಕಣ್ಣಿಡುವುದು ಎಂದರೇನು? ಪ್ರತಿಸಲ ಆಯಿಲ್ ಬದಲಿಸಿದಾಗ ಹಳೆಯ ಫಿಲ್ಟರನ್ನು ಕತ್ತರಿಸಿ, ಅದರ ಕಾಗದದ ಮಡಿಕೆಗಳನ್ನು ಬಿಡಿಸಿ ಬೆಳಕಿನಲ್ಲಿ ಹಿಡಿದು ನೋಡುವುದು. ಮಿನುಗುವ ಕಣಗಳಿದ್ದರೆ ಅಯಸ್ಕಾಂತ ಆಡಿಸುವುದು: ಅಂಟಿದರೆ ಉಕ್ಕು, ಕ್ಯಾಮ್ ಅಥವಾ ಟ್ಯಾಪೆಟ್ ಕಡೆಯದು, ಅಂಟದಿದ್ದರೆ ಅಲ್ಯೂಮಿನಿಯಂ ಇರಬಹುದು, ಪಿಸ್ಟನ್ ಕಡೆಗೆ ಸಂಶಯ. ಒಂದು ಶೀಶೆ ಆಯಿಲನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಕಣ್ಣಿಗೆ ಕಾಣದ ಲೋಹಗಳ ಪ್ರಮಾಣವೂ ತಿಳಿಯುತ್ತದೆ. ಸಿಲಿಂಡರಿಗೆ 80 ಪಿಎಸ್‌ಐ ಒತ್ತಡದಲ್ಲಿ ಗಾಳಿ ತುಂಬಿ, ಅದರಲ್ಲಿ ಎಷ್ಟು ನಿಲ್ಲುತ್ತದೆ ಎಂದು ಅಳೆಯುತ್ತಾರೆ. ಸೋರಿಕೆಯ ಸಿಳ್ಳೆ ಸೈಲೆನ್ಸರ್‌ನಲ್ಲಿ ಕೇಳಿಸಿದರೆ ಹೊಗೆಯ ಕವಾಟ, ಆಯಿಲ್ ತುಂಬುವ ಬಾಯಲ್ಲಿ ಕೇಳಿಸಿದರೆ ಪಿಸ್ಟನ್ ರಿಂಗ್. ಪ್ಲಗ್ ತೆಗೆದ ತೂತಿನಿಂದ ಬೋರ್‌ಸ್ಕೋಪ್ ಎಂಬ ತೆಳು ಕ್ಯಾಮೆರಾ ಇಳಿಸಿದರೆ ಕವಾಟದ ಮುಖವೇ ಕಾಣುತ್ತದೆ. ಸುತ್ತಲೂ ಒಂದೇ ಬಣ್ಣದ ಉಂಗುರಗಳಿದ್ದರೆ ಆರೋಗ್ಯ, ಒಂದು ಅಂಚು ಮಾತ್ರ ಬೆಂದಂತೆ ಬಣ್ಣಗೆಟ್ಟಿದ್ದರೆ ಅಲ್ಲಿ ಬಿಸಿಗಾಳಿ ಸೋರುತ್ತಿದೆ. ಇದಾವುದಕ್ಕೂ ಎಂಜಿನ್ ಬಿಚ್ಚಬೇಕಿಲ್ಲ. ಬಿಡಿ ಅಂಕಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ, ವರ್ಷವರ್ಷದ ಅಂಕಿಗಳನ್ನು ಸಾಲಾಗಿಟ್ಟಾಗ ಎಂಜಿನ್ ಮಾತಾಡತೊಡಗುತ್ತದೆ.

ಅಮೆರಿಕದಲ್ಲಿ ಪ್ರತಿ 12 ತಿಂಗಳಿಗೊಮ್ಮೆ ಪೂರ್ಣ ತಪಾಸಣೆ ಕಡ್ಡಾಯ, ಅದಕ್ಕೆ ಅಧಿಕಾರವಿರುವ ಮೆಕ್ಯಾನಿಕ್ ಸಹಿ ಬೇಕು. ಆದರೆ ವಿಮಾನ ಹಾರಲು ಯೋಗ್ಯವಾಗಿದೆಯೇ ಎಂಬುದರ ಮೊದಲ ಹೊಣೆಯನ್ನು ಕಾನೂನು ಹೊರಿಸುವುದು ಮಾಲೀಕನ ಮೇಲೆ. ಪೈಲಟ್ ಪರವಾನಗಿಯಿರುವ ಮಾಲೀಕ ಆಯಿಲ್, ಟೈರು, ಬ್ಯಾಟರಿ ಬದಲಿಸುವುದು, ಪ್ಲಗ್ ತೆಗೆದು ಸ್ವಚ್ಛ ಮಾಡುವುದು ಮುಂತಾದ ಕೆಲಸಗಳನ್ನು ತಾನೇ ಮಾಡಿ ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಬಹುದು. ಬೇರೆಡೆ ಯಾರಿಗೋ ಆದ ಅಪಘಾತದ ಪಾಠಗಳು ಸರ್ಕಾರದ ಆದೇಶಗಳಾಗಿ ಎಲ್ಲ ಮಾಲೀಕರಿಗೂ ಬರುತ್ತವೆ. ಸೆಸ್ನಾದ ಸೀಟಿನ ಹಳಿಯ ಆದೇಶ ಅಂಥದು. ಸೀಟನ್ನು ಹಿಡಿದಿಡುವ ಗೂಟ ಕೂರುವ ತೂತುಗಳು ಸವೆದಿದ್ದರೆ, ಮೇಲೇರುವ ಹೊತ್ತಿನಲ್ಲಿ ಪೈಲಟ್ ಸೀಟು ಸಮೇತ ಹಿಂದಕ್ಕೆ ಜಾರುತ್ತಾನೆ. ಆಸರೆಗೆ ಕೈಗೆ ಸಿಗುವುದು ಚುಕ್ಕಾಣಿ. ಅದನ್ನೆಳೆದರೆ ವಿಮಾನದ ಮೂಗು ಮೇಲೆದ್ದು ಅದು ನೆಲಕ್ಕೆ ಬೀಳುತ್ತದೆ. ಜೀವಗಳು ಹೋದ ಮೇಲೆ ಬಂದ ಆದೇಶ ಅದು. ಒಂದು ತೂತಿನ ಅಗಲ ಅಳೆಯುವ ಕೆಲಸ ಎಂದು ಯಾರೂ ಅದನ್ನು ಹಗುರವಾಗಿ ಕಾಣಬಾರದು.

ನಮ್ಮೂರಿನ ಹವೆಗೂ ಈ ಎಂಜಿನ್ನಿಗೂ ಒಂದು ವಿಚಿತ್ರ ಸಂಬಂಧವಿದೆ. ಕಾರ್ಬ್ಯುರೇಟರಿನ ಕಿರಿದಾದ ಕೊರಳಲ್ಲಿ ಗಾಳಿ ರಭಸದಿಂದ ನುಗ್ಗುವಾಗ, ಅಲ್ಲೇ ಪೆಟ್ರೋಲ್ ಆವಿಯಾಗುವಾಗ, ಗಾಳಿಯ ಉಷ್ಣತೆ 30 ಡಿಗ್ರಿಗೂ ಹೆಚ್ಚು ಇಳಿಯಬಲ್ಲದು. ಗಾಳಿಯಲ್ಲಿ ತೇವವಿದ್ದರೆ ಕೊರಳಲ್ಲಿ ಮಂಜುಗಡ್ಡೆ ಕಟ್ಟಿ ಎಂಜಿನ್ನಿನ ಉಸಿರು ನಿಲ್ಲುತ್ತದೆ. ಹಿಮ ಬೀಳುವ ದೇಶಗಳ ತೊಂದರೆ ಅಂದುಕೊಂಡರೆ ತಪ್ಪು. ಇದಕ್ಕೆ ತೀರಾ ಅನುಕೂಲವಾದ ಹವೆ ಎಂದರೆ 20 ಡಿಗ್ರಿ ಆಸುಪಾಸಿನ ಉಷ್ಣತೆ, 80 ಪ್ರತಿಶತಕ್ಕೂ ಹೆಚ್ಚಿನ ತೇವಾಂಶ. ಆಷಾಢದ ಒಂದು ಬೆಳಿಗ್ಗೆ ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ನಲ್ಲಿ ಇರುವ ಹವೆಯೇ ಅದು. ಇಳಿಯಲೆಂದು ಥ್ರಾಟಲ್ ಮುಚ್ಚಿದಾಗ ಅಪಾಯ ಇನ್ನೂ ಹೆಚ್ಚು. ಎಂಜಿನ್ ಸುತ್ತು ಕಾರಣವಿಲ್ಲದೆ ಮೆಲ್ಲಗೆ ಇಳಿಯುತ್ತಿದ್ದರೆ, ಸೈಲೆನ್ಸರ್ ಸುತ್ತಲಿನ ಬಿಸಿಗಾಳಿಯನ್ನು ಕಾರ್ಬ್ಯುರೇಟರಿಗೆ ತಿರುಗಿಸುವ ಗುಂಡಿ ಎಳೆಯಬೇಕು. ಎಳೆದೊಡನೆ ಎಂಜಿನ್ ಇನ್ನಷ್ಟು ಕುಗ್ಗಿ ಕೆಮ್ಮುತ್ತದೆ, ಕರಗಿದ ನೀರು ಒಳಗೆ ಹೋಗುತ್ತಿರುವುದರಿಂದ. ಗಾಬರಿಯಾಗಿ ಗುಂಡಿಯನ್ನು ಮತ್ತೆ ಒತ್ತಿಬಿಡುವವರೇ ಕಷ್ಟಕ್ಕೆ ಸಿಗುವುದು. ತಡೆದುಕೊಂಡರೆ ಸ್ವಲ್ಪ ಹೊತ್ತಿನಲ್ಲಿ ಎಂಜಿನ್ ಚೇತರಿಸಿಕೊಳ್ಳುತ್ತದೆ.

ಬೇಸಿಗೆಯ ಮಧ್ಯಾಹ್ನ ಇನ್ನೊಂದು ಸಂಗತಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. 33 ಡಿಗ್ರಿ ಬಿಸಿಲಿನಲ್ಲಿ ಗಾಳಿ ಎಷ್ಟು ತೆಳ್ಳಗಾಗುತ್ತದೆಂದರೆ, ವಿಮಾನದ ಪಾಲಿಗೆ ಅದು 5,500 ಅಡಿಗೂ ಮೇಲಿನ ಊರು. 1970ರ ದಶಕದ 172ರ ಗರಿಷ್ಠ ತೂಕ 1,043 ಕಿಲೊ. ವಿಮಾನದ ಸ್ವಂತ ತೂಕ, ತುಂಬಿದ ಟ್ಯಾಂಕು ಕಳೆದರೆ ನಾಲ್ವರು ದೊಡ್ಡವರಿಗೆ ಜಾಗ ಉಳಿಯುವುದೇ ಕಷ್ಟ. ಸೀಟು ನಾಲ್ಕಿದೆ ಎಂದು ನಾಲ್ವರೂ ಏರಿದರೆ ರನ್‌ವೇ ಮುಗಿಯುವ ಹೊತ್ತಿಗೆ ಮರಗಳು ತೀರಾ ಹತ್ತಿರ ಕಾಣುತ್ತವೆ.

ಬೆಂಗಳೂರಿಗೆ ಇಂಥ ವಿಮಾನಗಳು ಹೊರಗಿನಿಂದ ಬಂದವು ಮಾತ್ರವಲ್ಲ. ವಿ.ಎಂ. ಘಾಟಗೆ ಅವರ ತಂಡ ಎಚ್‌ಎಎಲ್‌ನಲ್ಲಿ ರೂಪಿಸಿದ ತರಬೇತಿ ವಿಮಾನ ಎಚ್‌ಟಿ-2 ಮೊದಲು ಹಾರಿದ್ದು 1951ರ ಆಗಸ್ಟ್‌ನಲ್ಲಿ. 1958ರಲ್ಲಿ, ಟಿಮ್ ಮತ್ತು ಕುಕ್ ಮೇಲೇರಿದ ವರ್ಷವೇ, ಎಚ್‌ಎಎಲ್‌ನ ಪುಷ್ಪಕ್ ಹಾರಿತು. ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಬಟ್ಟೆ ಹೊದಿಸಿದ ಎರಡು ಸೀಟಿನ ವಿಮಾನ, 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ತಲೆಮಾರುಗಳು ಅದರಲ್ಲಿ ಕಲಿತವು. ಆ ಕಾಂಟಿನೆಂಟಲ್ ಎಂಜಿನ್‌ಗಳಿಗೆ ಕಾರ್ಬ್ಯುರೇಟರ್ ಮಂಜಿನ ಕಾಟ ಲೈಕಮಿಂಗ್‌ಗಿಂತ ಹೆಚ್ಚು. ಲೈಕಮಿಂಗ್‌ನಲ್ಲಿ ಕಾರ್ಬ್ಯುರೇಟರನ್ನು ಬಿಸಿ ಆಯಿಲ್ ತೊಟ್ಟಿಗೇ ಬಿಗಿದಿರುತ್ತಾರೆ. ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಹಂಸ-ಎನ್‌ಜಿ 2021ರ ಸೆಪ್ಟೆಂಬರ್‌ನಲ್ಲಿ ಹಾರಿತು. ಅದರ ರೋಟಾಕ್ಸ್ ಎಂಜಿನ್ ವೇಗವಾಗಿ ತಿರುಗಿ ಗೇರ್ ಮೂಲಕ ಪ್ರೊಪೆಲ್ಲರಿಗೆ ಶಕ್ತಿ ಕೊಡುತ್ತದೆ. ಇಂಧನ ಚಿಮ್ಮಿಸುವುದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ, ಕಾರ್ಬ್ಯುರೇಟರೇ ಇಲ್ಲ.

ಹಳೆಯ ಎಂಜಿನ್‌ಗಳ ಪರವಾಗಿ ಇಷ್ಟು ಮಾತಾಡಿದ ಮೇಲೆ ಅವುಗಳ ಕಳಂಕವನ್ನೂ ಹೇಳಬೇಕು. ನಮ್ಮ ರಸ್ತೆಗಳ ಪೆಟ್ರೋಲಿನಿಂದ ಸೀಸವನ್ನು 2000ದಲ್ಲೇ ತೆಗೆದುಹಾಕಿದೆವು. ಆದರೆ ಈ ವಿಮಾನಗಳು ಕುಡಿಯುವ ನೀಲಿ ಬಣ್ಣದ ಏವ್‌ಗ್ಯಾಸ್ 100ಎಲ್‌ಎಲ್‌ನಲ್ಲಿ ಲೀಟರಿಗೆ 0.56 ಗ್ರಾಂವರೆಗೆ ಸೀಸ ಇನ್ನೂ ಇದೆ. ಹೆಚ್ಚು ಒತ್ತಡದ ದೊಡ್ಡ ಪಿಸ್ಟನ್ ಎಂಜಿನ್‌ಗಳಲ್ಲಿ ಇಂಧನ ಅಕಾಲದಲ್ಲಿ ಸಿಡಿಯದಂತೆ ತಡೆಯುವುದು ಅದೇ. 150 ಅಶ್ವಶಕ್ತಿಯ ಹಳೆಯ ಓ-320ಕ್ಕೆ ಅಷ್ಟು ಸೀಸ ಬೇಕೇ ಇರಲಿಲ್ಲ. ಅದನ್ನು ರೂಪಿಸಿದ್ದು 80 ಆಕ್ಟೇನ್ ಇಂಧನಕ್ಕೆ. ಆ ಇಂಧನ ಮಾರುಕಟ್ಟೆಯಿಂದ ಮಾಯವಾಗಿ ಎಲ್ಲರೂ 100ಎಲ್‌ಎಲ್‌ಗೆ ಹೋದ ಮೇಲೆ ಪ್ಲಗ್‌ಗಳಲ್ಲಿ ಸೀಸದ ಗುಳಿಗೆಗಳು ಕಟ್ಟತೊಡಗಿದವು. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿ ತನ್ನ ವಿಮಾನ ನಿಲ್ದಾಣಗಳಲ್ಲಿ ಸೀಸದ ಇಂಧನದ ಮಾರಾಟವನ್ನು 2022ರ ಆರಂಭದಿಂದ ನಿಲ್ಲಿಸಿತು. 2023ರಲ್ಲಿ ಅಮೆರಿಕದ ಪರಿಸರ ಸಂಸ್ಥೆ ಈ ಹೊಗೆ ಜನರ ಆರೋಗ್ಯಕ್ಕೆ ಅಪಾಯ ಎಂದು ಅಧಿಕೃತವಾಗಿ ಘೋಷಿಸಿತು. ಭಾರತ 2022ರವರೆಗೆ ಏವ್‌ಗ್ಯಾಸನ್ನು ಆಮದು ಮಾಡಿಕೊಳ್ಳುತ್ತಿತ್ತು. ಆಮೇಲೆ ಇಂಡಿಯನ್ ಆಯಿಲ್ ವಡೋದರದಲ್ಲಿ ತಯಾರಿಸತೊಡಗಿತು. ಅದೂ ಸೀಸದ್ದೇ. ತರಬೇತಿ ಏರೋಡ್ರೋಮ್‌ಗಳ ಸುತ್ತ ಮನೆಗಳು ಬೆಳೆದಿರುವ ನಮ್ಮಲ್ಲೂ ಸೀಸವಿಲ್ಲದ ಇಂಧನದ ಮಾತು ಶುರುವಾಗಬೇಕು. ಮಕ್ಕಳ ಮಿದುಳಿಗೆ ಹಾನಿ ಮಾಡುವ ಲೋಹದ ಬಗ್ಗೆ ಇನ್ನಷ್ಟು ಕಾಯುವುದಕ್ಕೆ ಕಾರಣ ನನಗೆ ಕಾಣುವುದಿಲ್ಲ.

ಖರ್ಚಿನ ವಿಷಯ. 172 ಗಂಟೆಗೆ ಸುಮಾರು 30 ಲೀಟರ್ ಇಂಧನ ಕುಡಿಯುತ್ತದೆ. ಆದರೆ ಮಾಲೀಕನನ್ನು ಹಣ್ಣು ಮಾಡುವುದು ಇಂಧನವಲ್ಲ. ಹ್ಯಾಂಗರ್ ಬಾಡಿಗೆ, ವಿಮೆ, ವಾರ್ಷಿಕ ತಪಾಸಣೆ, ಇವು ವಿಮಾನ ಹಾರಲಿ ಬಿಡಲಿ ಬರುವ ಖರ್ಚುಗಳು. ಹೆಚ್ಚು ಹಾರಿದಷ್ಟೂ ಅವು ಗಂಟೆಗಳ ಮೇಲೆ ಹಂಚಿಹೋಗುತ್ತವೆ. ದುಬಾರಿ ಎಂದು ಹಾರುವುದನ್ನು ಕಡಿಮೆ ಮಾಡಿದವರಿಗೆ ಪ್ರತಿ ಗಂಟೆಯೂ ದುಬಾರಿಯಾಗುತ್ತದೆ, ಜೊತೆಗೆ ಕ್ಯಾಮ್‌ಶಾಫ್ಟೂ ಹೋಗುತ್ತದೆ. ಅಮೆರಿಕದಲ್ಲಿ ಮೂರು ನಾಲ್ಕು ಜನ ಸೇರಿ ಒಂದು ವಿಮಾನ ಇಟ್ಟುಕೊಳ್ಳುವುದು, ಇಲ್ಲವೇ ಕ್ಲಬ್ಬಿನ ಸದಸ್ಯರಾಗುವುದು ವಾಡಿಕೆ. ಹಣ ಉಳಿಸಲು ಅವರು ಹಾಗೆ ಮಾಡಿದರೂ, ನಿಜವಾದ ಲಾಭ ಎಂಜಿನ್ನಿಗೆ. ಒಬ್ಬ ಬರದ ವಾರ ಇನ್ನೊಬ್ಬ ಬಂದು ಹಾರಿಸುತ್ತಾನೆ. ಬೆರಳೆಣಿಕೆಯ ಜನರಷ್ಟೇ ಸ್ವಂತ ಪಿಸ್ಟನ್ ವಿಮಾನ ಇಟ್ಟುಕೊಳ್ಳಬಲ್ಲ ನಮ್ಮ ದೇಶಕ್ಕಂತೂ ಕ್ಲಬ್ಬೇ ಸರಿಯಾದ ದಾರಿ. ಆದರೆ ಕ್ಲಬ್ಬಿನ ವಿಮಾನಗಳು ಹಾರಬೇಕು. ಬಿಡಿಭಾಗಕ್ಕಾಗಿ, ಸಹಿಗಾಗಿ, ಟೆಂಡರಿಗಾಗಿ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತ ವಿಮಾನ ಕಡತದಲ್ಲಿ ಆಸ್ತಿಯಾಗಿ ಉಳಿದಿರುತ್ತದೆ, ಒಳಗೆ ಅದರ ಎಂಜಿನ್ ಸಾಯುತ್ತಿರುತ್ತದೆ.

ಹಳೆಯ ವಿಮಾನ ಕೊಳ್ಳಲು ಹೋಗುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಎಂಜಿನ್ ಎಷ್ಟು ಗಂಟೆ ಓಡಿದೆ ಎಂಬುದು. 400 ಗಂಟೆ ಎಂದರೆ ಹಿಗ್ಗುತ್ತಾರೆ, 1,600 ಎಂದರೆ ಹಿಂದೆ ಸರಿಯುತ್ತಾರೆ. ಲಾಗ್‌ಬುಕ್ ಕೈಗೆ ತೆಗೆದುಕೊಂಡು ಒಟ್ಟು ಗಂಟೆಯ ಬದಲು ತಾರೀಖುಗಳನ್ನು ಓದಿ. ಎರಡು ಆಯಿಲ್ ಬದಲಾವಣೆಗಳ ನಡುವೆ ಎಷ್ಟು ತಿಂಗಳು ಕಳೆದಿವೆ? ಒಂದು ತಪಾಸಣೆಯಿಂದ ಇನ್ನೊಂದಕ್ಕೆ ಮೀಟರಿನಲ್ಲಿ ಎಷ್ಟು ಗಂಟೆ ಕೂಡಿದೆ? ಎಂಟು ವರ್ಷದಲ್ಲಿ 1,600 ಗಂಟೆ ಓಡಿ, ಪ್ರತಿ 50 ಗಂಟೆಗೆ ಫಿಲ್ಟರ್ ಕತ್ತರಿಸಿದ ದಾಖಲೆಯಿರುವ ಎಂಜಿನ್ನನ್ನು ನಾನು ನಂಬುತ್ತೇನೆ. 400 ಗಂಟೆ ಓಡಿ ನಡುವೆ ಎರಡು ವರ್ಷ ಪುಟ ಖಾಲಿಯಿದ್ದರೆ, ಮುಂಗಡ ಕೊಡುವ ಮೊದಲು ಒಂದು ಸಿಲಿಂಡರ್ ಇಳಿಸಿ ಕ್ಯಾಮ್‌ಶಾಫ್ಟಿನ ಮೇಲೆ ಬೆಳಕು ಬಿಟ್ಟು ನೋಡಲು ಮೆಕ್ಯಾನಿಕ್‌ಗೆ ಹೇಳಬೇಕು. ಮಾರುವವರು ಅದಕ್ಕೆ ಒಪ್ಪದಿದ್ದರೆ ಬೇರೆ ವಿಮಾನ ನೋಡಬೇಕು.